ಎಡಗಡೆ ಸದ್ದಿಲ್ಲದ ಹೆಡ್‌ಫೋನು

ಗದಗಕ್ಕೆ ಹೋಗುವ ಬಸ್ಸಿನಲ್ಲಿ ನನಗೆ ಟಿಕೇಟು ಫ್ರೀ, ನನ್ನ ಗಂಡನಿಗೆ ಇಲ್ಲ. ಹೆಂಗಸಾಗಿ ಹುಟ್ಟಿದ್ದಕ್ಕೆ ಸಿಕ್ಕ ಲಾಭ ಇದೊಂದೇ ನೋಡ್ರಿ ಅಂದೆ. ಅವರು ನಗಲಿಲ್ಲ. ಬಲಗಡೆ ಕಿಟಕಿಗೆ ಮುಖ ಮಾಡಿ ಕೂತಿದ್ದರು. ಇನ್ನೊಮ್ಮೆ ಅಂದೆ. ಆಗಲೂ ಉತ್ತರವಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದುಕೊಂಡು ಸೆರಗು ಹೊದ್ದು ಕಣ್ಣು ಮುಚ್ಚಿದೆ.

ಎರಡು ವರ್ಷದಿಂದ ಇದೇ ಕತೆ. ಕರೆದರೆ ಓ ಅನ್ನುವುದಿಲ್ಲ. ಮನೆಯಲ್ಲಿ ಅವರ ಮಂಚ ಗೋಡೆಗೆ ಹತ್ತಿಕೊಂಡಿದೆ, ನನ್ನ ಹೊಲಿಗೆ ಮಶಿನ್ನು ಅದರ ಎಡಕ್ಕೆ. ಅಲ್ಲಿಂದ ನಾನು ಚಹಾ ಬೇಕಾ ಅಂತ ಕೇಳಿದರೆ ಸುಮ್ಮನಿರುತ್ತಾರೆ, ಆಮೇಲೆ ಚಹಾ ಕೊಡಲಿಲ್ಲ ಅಂತ ಮುಖ ಊದಿಸಿಕೊಳ್ಳುತ್ತಾರೆ. ಮಾಸ್ತರ ಅನ್ನಿಸಿಕೊಂಡ ಗಂಡಸಿಗೆ ಹೆಂಡತಿಯ ಮಾತು ಗಾಳಿ ಇದ್ದ ಹಾಗೆ, ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಜಗಳ ಆಡಿ ಆಡಿ ನನಗೇ ದಣಿವಾಗಿ ಬಿಟ್ಟುಬಿಟ್ಟಿದ್ದೆ.

ನನ್ನ ಹೆಸರು ಅಲ್ಮಾಸಬಿ. ಲಕ್ಷ್ಮೇಶ್ವರದಲ್ಲಿ ಸೀರೆಗೆ ಫಾಲ್ ಹಚ್ಚಿ, ಪಿಕೋ ಹಾಕಿ ಕೊಡುತ್ತೇನೆ. ನನ್ನ ಗಂಡ ಮುರ್ತುಜಾ ಬ್ಯಾಂಡ್ ಮಾಸ್ತರ. ಅವರ ಅಪ್ಪ ಕಟ್ಟಿದ ಬ್ಯಾಂಡ್ ಕಂಪನಿ ಅದು. ಮದುವೆಯ ಹಂಗಾಮಿನಲ್ಲಿ ನನ್ನ ಮಶಿನ್ನಿಗೂ ಬಿಡುವಿಲ್ಲ, ಅವರ ಕ್ಲಾರಿನೆಟ್ಟಿಗೂ ಬಿಡುವಿಲ್ಲ. ಊರವರ ಮದುವೆ ಮಾಡಿಸಿ ಮಾಡಿಸಿ ನಮ್ಮಿಬ್ಬರ ಮೊಣಕಾಲು ಸವೆದಿವೆ. ಅಂಥಾದ್ದರಲ್ಲಿ ನಾಲ್ಕು ಸೀರೆಯ ಕೆಲಸ ಬಿಟ್ಟು ಈ ಬಿಸಿಲಿನಲ್ಲಿ ಗದಗಕ್ಕೆ ಹೊರಟಿದ್ದು ಒಂದು ಹೆಡ್‌ಫೋನಿಗೆ. ಅವರನ್ನು ಒಬ್ಬರನ್ನೇ ಕಳಿಸಿದರೆ ಅಂಗಡಿಯವ ಹೇಳಿದ ರೇಟಿಗೆ ಹೂಂ ಅಂದು ಬರುತ್ತಾರೆ. ಮದುವೆಯಾದಾಗಿನಿಂದ ಚೌಕಾಸಿ ನನ್ನ ಪಾಲಿನ ಕೆಲಸ.

ಹೆಡ್‌ಫೋನು ಶೋಕಿಗಲ್ಲ. ನಮ್ಮ ಕಂಪನಿಯಲ್ಲಿ ಸ್ವರ ಬರೆದಿಡುವ ರೂಢಿ ಇಲ್ಲ. ಹೊಸ ಹಾಡು ಬಂತೆಂದರೆ ಮಾಸ್ತರ ಅದನ್ನು ಫೋನಿನಲ್ಲಿ ಮತ್ತೆ ಮತ್ತೆ ಕೇಳಬೇಕು, ತಾನು ಊದಿ ನೋಡಬೇಕು, ಆಮೇಲೆ ಉಳಿದವರಿಗೆ ಊದಿ ತೋರಿಸಬೇಕು. ಮಾಸ್ತರನ ಕಿವಿಗೆ ಎಷ್ಟು ಬೀಳುತ್ತದೋ ಬ್ಯಾಂಡಿನ ಹಾಡು ಅಷ್ಟೇ. ಅವರ ಫೋನಿನ ಸ್ಪೀಕರು ಒಮ್ಮೆ ಕೆಳಗೆ ಬಿದ್ದಾಗಿನಿಂದ ಪರಪರ ಅನ್ನುತ್ತದೆ. ಮನೆಯ ಪಕ್ಕದಲ್ಲಿ ಹಿಟ್ಟಿನ ಗಿರಣಿ ಬೇರೆ. ಹಾಗಾಗಿ ಕಿವಿಗೆ ಏನಾದರೂ ಹಾಕಿಕೊಳ್ಳದೆ ಹಾಡು ಕೇಳುವುದು ಸಾಧ್ಯವಿಲ್ಲ.

ಹೋದ ತಿಂಗಳು ಹುಲಕೋಟಿಯ ಮೆರವಣಿಗೆಯಲ್ಲಿ ಮಾನ ಹೋಯಿತು. ಎಲ್ಲರೂ ಕೇಳುವ ಒಂದು ಹೊಸ ಹಾಡು. ಮೊದಲ ಸಾಲು ಮುಗಿದ ಕೂಡಲೇ ಒಂದು ತುಂಡು ವಾದ್ಯ ಬರುತ್ತದಂತೆ, ಹುಡುಗರು ಕೈ ಎತ್ತಿ ಕಾಯುವುದೇ ಅದಕ್ಕಂತೆ. ನಮ್ಮವರು ಆ ತುಂಡನ್ನು ಬಿಟ್ಟು ನೇರ ಮುಂದಿನ ಸಾಲಿಗೆ ಹೋದರು. ಎತ್ತಿದ ಕೈಗಳು ಎತ್ತಿದ ಹಾಗೇ ನಿಂತವು. ಯಾರೋ ಸೀಟಿ ಹೊಡೆದರು, ಯಾರೋ ನಕ್ಕರು, ಆಮೇಲೆ ಬ್ಯಾಂಡ್ ನಿಲ್ಲಿಸಿ ಡಿಜೆ ಹಚ್ಚಿದರು. ಹಾಕಿದ ಡ್ರೆಸ್ಸಿನಲ್ಲೇ ಎಲ್ಲರೂ ಟೆಂಪೋದ ನೆರಳಿಗೆ ಕೂತು ಊಟ ಮಾಡಿ ಬಂದರು.

ಇದನ್ನು ನನಗೆ ಹೇಳಿದ್ದು ಇನಾಯತ. ನನ್ನ ಭಾವನ ಮಗ, ಮದುವೆಯಾಗಿ ಮಗುವಾದವನು, ಕಂಪನಿಯಲ್ಲಿ ಎರಡನೇ ಕ್ಲಾರಿನೆಟ್ಟು. ಒಳ್ಳೆಯವನು. ಮಾರನೇ ದಿನ ಬಂದು ಮೆಲ್ಲಗೆ ಅಂದ, "ಚಾಚಾ, ನಡುವ ಒಂದು ತುಂಡು ಬಿಟ್ಟ ಹೋಗೇತಿ."

"ಹಾಡಿನ್ಯಾಗ ಇಲ್ಲದ್ದ ನಾ ಎಲ್ಲಿಂದ ತರ್ಲಿ? ನೂರು ಸಲ ಕೇಳೇನಿ," ಅಂದರು ಇವರು.

"ಹಂಗಾದ್ರ ನಿಮ್ಮ ಹೆಡ್‌ಫೋನ ಒಂದ ಕಡೆ ಸತ್ತಿರಬೇಕು. ಕೆಲವು ಹಾಡಿನ್ಯಾಗ ಒಂದ ವಾದ್ಯ ಎಡಕ್ಕ ಅಷ್ಟ ಬರ್ತದ, ಒಂದು ಬಲಕ್ಕ ಅಷ್ಟ."

ಹಾಕಿಕೊಂಡು ನೋಡಿದರು. ಹೌದು, ಎಡಗಡೆ ಸದ್ದಿಲ್ಲ. ಸಿಟ್ಟಿನಿಂದ ಅದನ್ನು ಕಿತ್ತು ಗಟಾರಿಗೆ ಎಸೆದರು. ಹೊಳೆಗೆ ಬಿದ್ದವನಿಗೆ ದಂಡೆ ಸಿಕ್ಕಷ್ಟು ಸಮಾಧಾನ ಇತ್ತು ಮುಖದಲ್ಲಿ. ತಪ್ಪು ತನ್ನದಲ್ಲ, ಯಂತ್ರದ್ದು. ಆದರೆ ಇನಾಯತ ಹೋದ ಮೇಲೆ ನನ್ನ ಹತ್ತಿರ ಬಂದು ಅಂದರು, "ಅಡರಕಟ್ಟಿ ಮದುವಿ ಒಂದು ನೋಡ್ತೇನಿ. ಅಲ್ಲೂ ಹಿಂಗ ಆದ್ರ ಕ್ಲಾರಿನೆಟ್ ಇಳಿಸಿ ಇಡ್ತೇನಿ."

ಅಡರಕಟ್ಟಿಯಲ್ಲಿ ಅನ್ನಪೂರ್ಣವ್ವನವರ ಮಗ ವೀರೂನ ಮದುವೆ. ಆಕೆಯ ಸೀರೆಗಳೆಲ್ಲ ನನ್ನ ಕೈಯಿಂದಲೇ ಹೋಗುವುದು. "ವೀರೂನ ಗೆಳ್ಯಾರು ಡಿಜೆ ಬೇಕಂತ ಹಟಾ ಹಿಡದಾರ. ನಾ ಮುರ್ತುಜಾ ಮಾಸ್ತರ ಬ್ಯಾಂಡ ಆಗಬೇಕಂತ ಹೇಳೇನಿ. ಆ ಹೊಸಾ ಹಾಡು ಒಂದು ಛಲೋ ಬಾರಿಸಿ ಬಿಡ್ರಿ, ನನ್ನ ಮಾತು ಉಳೀತದ," ಅಂದಿದ್ದರು. ಅದೇ ಹಾಡು, ಬರುವ ಗುರುವಾರ.

ಗದಗದ ಬಸ್‌ಸ್ಟ್ಯಾಂಡಿನ ಎದುರಿನ ಮೊದಲ ಅಂಗಡಿಯವ ಗಾಜಿನ ಮೇಲೆ ರಾಶಿ ಹಾಕಿದ. ಕಿವಿಯೊಳಗೆ ತುರುಕುವ ಗುಂಡಿಗಳು, ಕುತ್ತಿಗೆಗೆ ಜೋತುಬೀಳುವ ಪಟ್ಟಿ, ಸುಣ್ಣದ ಡಬ್ಬಿಯಷ್ಟು ಚಿಕ್ಕ ಡಬ್ಬಿಯಲ್ಲಿ ವೈರಿಲ್ಲದ ಜೋಡಿ. ಇದು ಚಾರ್ಜ್ ಮಾಡಬೇಕು, ಅದು ಮಾಡಬೇಕಿಲ್ಲ, ಇದಕ್ಕೆ ಗ್ಯಾರಂಟಿ, ಅದಕ್ಕೆ ಇಲ್ಲ. ಕೇಳಿ ಕೇಳಿ ನನ್ನ ತಲೆ ತಿರುಗಿತು.

"ಇದನ್ನ ತಗೋರಿ ಚಾಚಾ, ಬೇಸ್ ಭಾರಿ ಐತಿ. ಎದಿ ಗುದ್ದಿದಂಗ ಆಗ್ತದ," ಅಂದ.

"ನನಗ ಬೇಸ್ ಬ್ಯಾಡಪಾ. ಅದು ದಿನಾ ನನ್ನ ಬಾಜೂಕ ಇರ್ತದ. ನನಗ ಸಣ್ಣ ದನಿ ಕೇಳಬೇಕು," ಅಂದರು ಇವರು.

ಬಾಜೂಕೆ ಇರುವುದೆಂದರೆ ಅಕ್ಬರಸಾಬರ ದೊಡ್ಡ ಡ್ರಮ್ಮು. ಬ್ಯಾಂಡಿನಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬುದು ಮಸೀದಿಯ ಸಾಲಿನಷ್ಟೇ ಕಟ್ಟುನಿಟ್ಟು. ಮಾಸ್ತರನ ಎಡಕ್ಕೆ ಡ್ರಮ್ಮು. ಬೀದಿಯ ಗದ್ದಲದಲ್ಲಿ ತಾಳ ತಪ್ಪಬಾರದೆಂದು ಇವರ ಅಪ್ಪ ಹಾಕಿಕೊಟ್ಟ ಕ್ರಮ. ಅಪ್ಪ ನಿಂತ ಜಾಗದಲ್ಲಿ ಮಗ, ಮಗ ಬಿಟ್ಟ ಮೇಲೆ ಇನಾಯತ. ಆ ಜಾಗಕ್ಕೆ ನಮ್ಮ ಮನೆಯಲ್ಲಿ ಹೊಲದಷ್ಟು ಬೆಲೆ.

ಇವರು ತಮ್ಮ ಫೋನಿಗೆ ವೈರು ಸಿಕ್ಕಿಸಿ ಹಾಡು ಹಚ್ಚಿದರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿದರು. "ಎಡಕ್ಕ ಸದ್ದ ಇಲ್ಲ," ಅಂದರು. ಅಂಗಡಿಯವ ಇನ್ನೊಂದು ಕೊಟ್ಟ. ಅದಕ್ಕೂ ಎಡಗಡೆ ಸದ್ದಿಲ್ಲ. ನಿಮ್ಮ ಫೋನಿನದೇ ಏನೋ ಐಬು ಇರಬೇಕು ಅಂದ ಅವನು. ಇವರು ಸಿಡುಕಿ ಹೊರಗೆ ಬಂದರು.

ಎರಡನೇ ಅಂಗಡಿಯಲ್ಲಿ ಅಂಗಡಿಯವನ ಫೋನಿನಲ್ಲೇ ಹಾಡು ಹಚ್ಚಿಸಿದರು. ಅಲ್ಲೂ ಅದೇ. ಬೀದಿಗೆ ಬಂದು ಉರಿಬಿಸಿಲಲ್ಲಿ ನಿಂತು ಭಾಷಣ ಶುರುಮಾಡಿದರು. ಈಗಿನ ಮಾಲಿಗೆ ಜೀವ ಇಲ್ಲ, ಅಗ್ಗದ ಮಾಲೆಲ್ಲ ಒಂದೇ ಕಡೆ ಸಾಯುತ್ತದೆ, ಬಡವ ಅರ್ಧ ಹಾಡು ಕೇಳಿದರೆ ಸಾಕು ಅಂತ ಮಾಡಿ ಕಳಿಸುತ್ತಾರೆ ಅಂತ. ನನಗೆ ಕಾಲು ಸೋತಿತ್ತು, ಗಂಟಲು ಒಣಗಿತ್ತು.

"ಕುಣೀಲಾರದಾಕಿ ನೆಲಾ ಡೊಂಕು ಅಂದ್ಳಂತ. ಸಾಕ ಮಾಡ್ರಿ," ಅಂದೆ.

ಎಡಗಡೆ ನಿಂತು ಅಂದಿದ್ದೆ. ಅವರಿಗೆ ಕೇಳಲಿಲ್ಲ. ಭಾಷಣ ಮುಂದುವರಿಯಿತು.

ಮೂರನೆಯದು ಬೆಟಗೇರಿಯ ಕಡೆ ಹೋಗುವ ರಸ್ತೆಯಲ್ಲಿ ಮೌನೇಶ ಅನ್ನುವವನ ಅಂಗಡಿ. ಫ್ಯಾನಿತ್ತು, ಕೂಡಲು ಸ್ಟೂಲಿತ್ತು. ನೀರು ಕೊಟ್ಟ. ನನಗೆ ಅವನ ಮೇಲೆ ಪ್ರೀತಿಯೇ ಹುಟ್ಟಿತು. ಇವರು ಇಲ್ಲಿವರೆಗಿನ ಪುರಾಣವೆಲ್ಲ ಹೇಳಿದ್ದನ್ನು ಕೇಳಿಕೊಂಡು, ತಲೆಯ ಮೇಲಿಂದ ಹಾಕಿಕೊಳ್ಳುವ ದೊಡ್ಡದೊಂದನ್ನು ತೆಗೆದ. ಕಿವಿಗೆ ಮೆತ್ತನೆಯ ದಿಂಬು, ಉದ್ದ ವೈರು. "ಮನ್ಯಾಗ ಕುಂತು ಹಾಡು ಕಲ್ಯಾಕ ಇದಕ್ಕಿಂತ ಛಲೋದು ಈ ರೇಟಿನ್ಯಾಗ ಸಿಗಂಗಿಲ್ರಿ ಚಾಚಾ. ಹಾಡು ಹ್ಯಾಂಗ ಐತಿ ಹಂಗ ಕೇಳ್ತದ," ಅಂದ.

ಹಾಕಿಕೊಂಡರು. ಎಡಗಡೆ ಸದ್ದಿಲ್ಲ ಅಂದರು.

ಮೌನೇಶ ಬೇರೆ ಡಬ್ಬಿ ತೆಗೆಯಲು ಬಗ್ಗಿದ. ನಾನು ಅವರ ತಲೆಯಿಂದ ಅದನ್ನು ಕಿತ್ತು ಸೆರಗಿನ ಮೇಲೆಯೇ ನನ್ನ ಕಿವಿಗಿಟ್ಟುಕೊಂಡೆ. ಎಲ್ಲಿ ಸತ್ತಿದೆ ತೋರಿಸಿ ರೇಟು ಇಳಿಸೋಣ ಅನ್ನುವುದೇ ನನ್ನ ಲೆಕ್ಕವಾಗಿತ್ತು. ಹಾಡು ಬಂತು. ಬಲಕ್ಕೆ ಹಾಡುವವನ ದನಿ. ಒಂದು ಸಾಲು ಮುಗಿಯಿತು. ಆಗ ಎಡಗಡೆಯಿಂದ, ಸಣ್ಣ ಪೀಪಿಯಂಥದ್ದೊಂದು, ಓಡಿ ಬಂದು ಬಾಗಿಲು ಬಡಿದ ಹಾಗೆ ಶುರುವಾಯಿತು. ಎಷ್ಟು ಚೆನ್ನಾಗಿತ್ತೆಂದರೆ ನನ್ನ ಸೋತ ಕಾಲೇ ಸ್ವಲ್ಪ ಅಲುಗಿತು.

ಸದ್ದು ಇತ್ತು. ಎಡಗಡೆ ಸದ್ದು ಚೊಕ್ಕ ಇತ್ತು.

ಬೆರಳು ಮಡಚಿ ಎಣಿಸಿದೆ. ಗಟಾರಿಗೆ ಹೋದದ್ದು, ಮೊದಲ ಅಂಗಡಿಯವು, ಎರಡನೆಯದು, ಇದು. ಇಷ್ಟೂ ಒಂದೇ ಕಡೆಗೆ ಸಾಯುವುದುಂಟೇ? ಹೆಡ್‌ಫೋನನ್ನು ತಿರುಗಿಸಿದೆ. ಎಡಗಡೆಯದು ಅವರ ಬಲಗಿವಿಗೆ ಬರುವ ಹಾಗೆ ತಿರುಗಾಮುರುಗಾ ಮಾಡಿ ಅವರ ತಲೆಗೆ ಹಾಕಿ ಹಾಡನ್ನು ಮೊದಲಿನಿಂದ ಹಚ್ಚಿದೆ.

ಅವರ ಮುಖ ಅರಳಿತು. "ಬಂತು! ಇನಾಯತ ಹೇಳಿದ ತುಂಡು ಬಂತು! ಬಲಕ್ಕ ಬಂತು ನೋಡ!"

"ಎಡಕ್ಕ?" ಅಂದೆ.

"ಎಡಕ್ಕ ಇಲ್ಲ," ಅಂದರು. ಅಂದವರ ನಗು ಅಲ್ಲೇ ನಿಂತಿತು. ಹೆಡ್‌ಫೋನು ತಿರುಗಿತ್ತು, ಸತ್ತ ಕಡೆ ತಿರುಗಿರಲಿಲ್ಲ. ಕೈ ಮೆಲ್ಲಗೆ ಮೇಲಕ್ಕೆ ಹೋಯಿತು. ಎಡಗಡೆಯ ದಿಂಬನ್ನು ಸರಿಸಿ, ಕಿವಿಯ ಹತ್ತಿರ ಒಮ್ಮೆ ಚಿಟಿಕೆ ಹೊಡೆದರು. ಇನ್ನೊಮ್ಮೆ ಹೊಡೆದರು. ಮೌನೇಶ ಏನೋ ಹೇಳಲು ಬಾಯಿ ತೆರೆದ. ನಾನು ಸುಮ್ಮನಿರು ಅನ್ನುವ ಹಾಗೆ ಕಣ್ಣು ಬಿಟ್ಟೆ. ಅವನು ಬಟ್ಟೆ ತೆಗೆದುಕೊಂಡು ಗಾಜು ಒರೆಸತೊಡಗಿದ.

"ಇದನ್ನ ಕಟ್ಟಿ ಕೊಡ್ರಿ," ಅಂದರು ಇವರು.

ಆವತ್ತು ನಾನು ಚೌಕಾಸಿ ಮಾಡಲಿಲ್ಲ.

ಶಿರಹಟ್ಟಿಯ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗುವ ಬಸ್ಸು ಸಿಕ್ಕಿತು. ಈ ಸಲ ನಾನು ಅವರ ಬಲಕ್ಕೆ ಕೂತೆ. ಅವರು ನೋಡಿ, ಜರುಗಿ ಜಾಗ ಕೊಟ್ಟರು. ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಎರಡು ವರ್ಷ ಇಲ್ಲದ ಸೊಕ್ಕಿನ ಜೊತೆ ಜಗಳ ಆಡಿದ್ದೆನಲ್ಲ.

"ಡಾಕ್ಟರಿಗೆ ತೋರಸೂಣು," ಅಂದೆ.

"ತೋರಸೂಣಂತ, ಮದುವಿ ಮುಗೀಲಿ," ಅಂದರು. ಆಮೇಲೆ ಎಡಗಿವಿ ಮುಟ್ಟಿಕೊಂಡು, "ಅಪ್ಪಾಗೂ ಹಿಂಗ ಆಗಿತ್ತು. ಎಡಕ್ಕ ಕರದ್ರ ತಿರಗತಿದ್ದಿಲ್ಲ. ವಯಸ್ಸಾತು ಅಂತಿದ್ವಿ ನಾವು. ಈಗ ತಿಳೀತು, ಅದು ವಯಸ್ಸಲ್ಲ, ಡ್ರಮ್ಮು."

ಬಸ್ಸು ಕುಲುಕುತ್ತಿತ್ತು. ಹೆಡ್‌ಫೋನಿನ ಡಬ್ಬಿಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಹಿಡಿದುಕೊಂಡಿದ್ದರು.

"ಗುರುವಾರ ಇನಾಯತಗ ಜಾಗಾ ಕೊಟ್ಟಬಿಡ್ತೇನಿ. ಅರ್ಧಾ ಕೇಳಾಂವ ಎಂಥಾ ಮಾಸ್ತರ?" ಅಂದರು.

"ಯಾವ ಜಾಗಾ? ಆ ಡ್ರಮ್ಮಿನ ಬಾಜೂದ?" ಅಂದೆ. "ನಿಮ್ಮಪ್ಪನ ಕಿವಿ ತಿಂತು, ನಿಮ್ಮದ ತಿಂತು. ಈಗ ಆ ಹುಡಗಂದ ಬೇಕಾ? ಅದೇನ ಆಸ್ತಿ ಏನ್ರಿ, ಹಂಚಿ ಕೊಡಾಕ?"

ಅವರು ಡಬ್ಬಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಈ ಸಲ ಕೇಳಿಸಿತ್ತು ಅಂತ ನನಗೆ ಗೊತ್ತಿತ್ತು.

ಮನೆಗೆ ಬಂದವರೇ ಮಂಚದ ಮೇಲೆ ಕೂತು ಹಾಡು ಹಚ್ಚಿದರು. ಒಂದು ಸಲ ನೇರ ಹಾಕಿಕೊಂಡು ಕೇಳಿದರು, ಒಂದು ಸಲ ತಿರುಗಿಸಿ ಹಾಕಿಕೊಂಡು ಕೇಳಿದರು. ನೇರ, ಮತ್ತೆ ತಿರುವು. ಅರ್ಧರ್ಧ ಹಾಡನ್ನು ಎರಡು ಖೇಪಿನಲ್ಲಿ ಮನೆಗೆ ತಂದು ಜೋಡಿಸುತ್ತಿದ್ದರು. ಗಿರಣಿ ಬಂದಾದ ಮೇಲೆ ಕ್ಲಾರಿನೆಟ್ ತೆಗೆದು ಆ ತುಂಡನ್ನು ಊದಿದರು. ಮೊದಲು ತಡವರಿಸಿದರು, ಆಮೇಲೆ ಸರಾಗವಾಗಿ ಬಂತು. ನಾನು ಮಶಿನ್ನು ತುಳಿಯುವ ಕಾಲು ನಿಲ್ಲಿಸಿ ಕೇಳಿದೆ.

ಆಮೇಲೆ ಹೆಡ್‌ಫೋನು ತಂದು ನನ್ನ ತಲೆಗೆ ಹಾಕಿದರು. "ಎರಡೂ ಕೂಡಿದ್ರ ಹ್ಯಾಂಗ ಕೇಳಸ್ತದ ಅಂತ ಹೇಳು."

ನನಗೆ ಸಂಗೀತ ಗೊತ್ತಿಲ್ಲ. ಕೇಳಿದೆ. ಏನು ಹೇಳಲಿ? "ಮದುವಿ ಮನ್ಯಾಗ ಒಂದ ಕಡೆ ಅಡಗಿ ಮನಿ ಗದ್ದಲ, ಒಂದ ಕಡೆ ಅಂಗಳದ ಗದ್ದಲ. ನಾ ನಡುವ ಕುಂತಂಗ ಐತಿ," ಅಂದೆ.

"ಹೌದು. ಹಂಗ ಇರ್ತಿತ್ತು," ಅಂದರು. ಮುಖ ಆ ಕಡೆ ಮಾಡಿ ಕ್ಲಾರಿನೆಟ್ ಒರೆಸಿದರು. ಬಹಳ ಹೊತ್ತು ಒರೆಸಿದರು.

ಗುರುವಾರ ಸೀರೆ ಕೊಡುವ ನೆವ ಮಾಡಿಕೊಂಡು ನಾನೂ ಅಡರಕಟ್ಟಿಗೆ ಹೋದೆ. ಅನ್ನಪೂರ್ಣವ್ವ ಬಾಗಿಲಲ್ಲೇ ಕೈ ಹಿಡಿದು, "ಹುಡುಗರು ಡಿಜೆದವ್ರಿಗೆ ತಯಾರ ಇರ್ರಿ ಅಂತ ಹೇಳಿ ಇಟ್ಟಾರ ನೋಡವಾ," ಅಂದರು. ವೀರು ಗಾಡಿಯಲ್ಲಿ ಕೂತಿದ್ದ. ಅವನ ಗೆಳೆಯರು ಹುಲಕೋಟಿಯ ಸುದ್ದಿ ತಿಳಿದವರ ಹಾಗೆ ನಗುತ್ತಾ ನಿಂತಿದ್ದರು. ಬ್ಯಾಂಡಿನವರು ಸಾಲು ಹಿಡಿಯುತ್ತಿದ್ದರು. ಇವರು ದಾರಿಯಲ್ಲಿ ಏನು ಹೇಳಿದ್ದರೋ, ಇನಾಯತ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದು, ಚಾಚಾನ ಕಾಲು ಮುಟ್ಟಿ, ಡ್ರಮ್ಮಿನ ಪಕ್ಕಕ್ಕೆ ಹೋಗಿ ನಿಂತ. ಅವನ ಕಣ್ಣು ತುಂಬಿದ್ದವು. ನಾನು ನೋಡಲಾರದೆ ಕಂಬದ ಮರೆಗೆ ಸರಿದೆ.

ಅಕ್ಬರಸಾಬರು ಡ್ರಮ್ಮಿನ ಕೋಲು ಎತ್ತಿದರು. ಇವರು ಕೈ ಮಾಡಿ ತಡೆದರು.

"ಇನಾಯತ, ಅಲ್ಲಿ ಬ್ಯಾಡ. ಮುಂದ ಹೋಗು. ಎಲ್ಲಾರಕಿಂತ ಮುಂದ. ಇವತ್ತಿನಿಂದ ಮಾಸ್ತರ ನೀನ."

"ಮತ್ತ ಮಾಸ್ತರ ಜಾಗಾ ಇದಲ್ಲೇನ್ ಮುರ್ತುಜಾ? ನಿಮ್ಮಪ್ಪ ಹಾಕಿದ ಸಾಲು ಇದು. ಹುಡಗಗ ಹೆಸರು ಕೊಟ್ಟು ಜಾಗಾ ಕೊಡಂಗಿಲ್ಲಂದ್ರ ಹ್ಯಾಂಗ?" ಅಂದರು ಅಕ್ಬರಸಾಬರು. ಇನಾಯತನ ಮುಖ ಸಣ್ಣದಾಯಿತು.

ಇವರು ಎಲ್ಲರಿಗೂ ಕೇಳುವ ಹಾಗೆ, ಕಂಪನಿಯವರಿಗೂ, ಗಾಡಿಯ ಸುತ್ತ ನಿಂತ ಹುಡುಗರಿಗೂ ಕೇಳುವ ಹಾಗೆ ಹೇಳಿದರು. "ನನ್ನ ಎಡಗಿವಿ ಹೋಗೇತಿ. ಹುಲಕೋಟ್ಯಾಗ ತುಂಡು ಬಿಟ್ಟಿದ್ದು ಅದಕ್ಕ. ಅಪ್ಪಂದೂ ಹಿಂಗ ಹೋತು, ನಾವು ತಿಳ್ಕೊಳ್ಳಿಲ್ಲ. ಈ ಜಾಗಾ ನಂದು, ನಾ ಇಲ್ಲೇ ನಿಂದರತೇನಿ. ಸತ್ತ ಕಿವಿ, ಡ್ರಮ್ಮು ಅದಕ್ಕಿನ್ನೇನ ಮಾಡ್ತದ? ನಾ ಬಿಟ್ಟ ಮ್ಯಾಲ ಇಲ್ಲಿ ಯಾರೂ ನಿಂದರೂದು ಬ್ಯಾಡ."

ಅಕ್ಬರಸಾಬರು ತಮ್ಮ ಕೋಲನ್ನೇ ನೋಡುತ್ತಾ ನಿಂತರು, ಪಾಪ, ಅವರದೇನು ತಪ್ಪು. ನಾನು ಕಂಬದ ಮರೆಯಿಂದ ಬಂದು, ಬ್ಯಾಗಿನಲ್ಲಿ ತಂದಿದ್ದ ಅರಳೆಯನ್ನು ಹಿಂಜಿ ಇವರ ಬಲಗಿವಿಗೆ ಇಟ್ಟೆ. ಉಳಿದ ಆ ಒಂದನ್ನಾದರೂ ಕಾಯಬೇಕಲ್ಲ. ಇನ್ನೊಂದು ತುಣುಕನ್ನು ಅಕ್ಬರಸಾಬರ ಕೈಗೆ ಕೊಟ್ಟೆ. ಹೆಂಗಸು ಬ್ಯಾಂಡಿನ ಸಾಲಿನೊಳಗೆ ಹೋಗುವುದು ರೂಢಿಯಲ್ಲ. ಆವತ್ತು ರೂಢಿ ನೋಡುವಷ್ಟು ತ್ರಾಣ ನನ್ನಲ್ಲಿರಲಿಲ್ಲ.

ಇನಾಯತ ಮುಂದೆ ನಿಂತು ಶುರುಮಾಡಿದ. ಮೊದಲ ಸಾಲು ಮುಗಿಯಿತು. ಹುಡುಗರು ಕೈ ಎತ್ತಿದರು. ಆಗ ಹಿಂದಿನಿಂದ, ಡ್ರಮ್ಮಿನ ಪಕ್ಕದಿಂದ, ಇವರ ಕ್ಲಾರಿನೆಟ್ಟು ಆ ತುಂಡನ್ನು ತೆಗೆದುಕೊಂಡು ಬಂತು. ಒಂದು ಸ್ವರವೂ ಬಿಡಲಿಲ್ಲ. ಎತ್ತಿದ ಕೈಗಳು ಕುಣಿದವು. ವೀರು ಗಾಡಿಯಿಂದ ಇಳಿದು ಕುಣಿದ. ಅನ್ನಪೂರ್ಣವ್ವ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಅವರು ಏನೋ ಹೇಳುತ್ತಿದ್ದರು, ನನಗೆ ಏನೂ ಕೇಳುತ್ತಿರಲಿಲ್ಲ.

ಮೆರವಣಿಗೆ ಮುಗಿದ ಮೇಲೆ ಎಲ್ಲರೂ ಊಟಕ್ಕೆ ಹೋದರು. ಇವರು ಬೇವಿನ ಗಿಡದ ಕೆಳಗೆ ಒಬ್ಬರೇ ಕೂತು, ಕೋಟಿನ ಗುಂಡಿ ಬಿಚ್ಚಿ, ಕಿವಿಯಿಂದ ಅರಳೆ ತೆಗೆಯುತ್ತಿದ್ದರು. ತುಂಬಾ ದಣಿದಿದ್ದರು. ನಾನು ಹೋದದ್ದು ಅವರ ಎಡಗಡೆಯಿಂದ. ಸುತ್ತು ಹಾಕಿ ಬಲಕ್ಕೆ ಬಂದು ನಿಂತೆ.

"ರೀ," ಅಂದೆ.

"ಓ," ಅಂದರು.